ಹಸಿರು ಮನುಷ್ಯನಿಲ್ಲದ ರಸ್ತೆ

ರಜೆ ಸಿಕ್ಕಿದರೆ ಊರಿಗೇ ಹೋಗಬೇಕು ಎಂಬುದು ಆಸ್ಟ್ರೇಲಿಯಾದ ಕನ್ನಡಿಗರ ಬರೆಯದ ಕಾನೂನು. ಅದನ್ನು ಮುರಿದು ನಾನೂ ನನ್ನ ಗೆಳತಿಯೂ ಬೆನ್ನಿಗೆ ಚೀಲ ಹಾಕಿಕೊಂಡು ವಿಯೆಟ್ನಾಂ ಸುತ್ತಲು ಹೊರಟಾಗ, ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ನಮ್ಮ ಬೀದಿಯ ಆಂಟಿಯೊಬ್ಬರು ಕೇಳಿದರು: "ಅಲ್ಲಿ ನಿಮಗೆ ಯಾರಿದಾರೆ?"

"ಯಾರೂ ಇಲ್ಲ ಆಂಟಿ."

"ಮತ್ಯಾಕೆ ಹೋಗ್ತೀರಾ?"

ಯಾರೂ ಇಲ್ಲದಿರುವುದೇ ಕಾರಣ ಎಂದು ವಾದಿಸಬಹುದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ. ಆದರೆ ಆಂಟಿಯ ಕೈಯಲ್ಲಿ ನಮಗೆಂದೇ ತಂದ ಚಕ್ಕುಲಿ ಡಬ್ಬಿಯಿತ್ತು. ಡಬ್ಬಿ ಕೈಸೇರುವ ಮುನ್ನ ವಾದಕ್ಕಿಳಿಯುವುದು ತಂತ್ರವಲ್ಲ.

ಗೆಳತಿ ಮಂಗಳೂರು ಕಡೆಯವಳು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಓದುವಾಗ ಮೆಲ್ಬರ್ನ್‌ನಲ್ಲಿ ಒಂದೇ ಮನೆಯ ರೆಂಟ್ ಹಂಚಿಕೊಂಡಿದ್ದೆವು. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಬಂದ ಮೇಲೆ ಅವಳು ಸಿಡ್ನಿಗೆ ಹೋಗಿ, ಅಲ್ಲಿನ ಲಿವರ್‌ಪೂಲ್ ಬಡಾವಣೆಯಲ್ಲಿ ನರ್ಸ್ ಆದಳು. ಅಂದಿನಿಂದ ನಮ್ಮದು ಎರಡು ನಗರಗಳ ನಡುವಿನ ಜಗಳ. ಅವಳಿಗೆ ಮೆಲ್ಬರ್ನ್‌ನ ಹವಾಮಾನದ ಬಗ್ಗೆ ತಕರಾರು, ನನಗೆ ಸಿಡ್ನಿಯವರ ಜಂಬದ ಬಗ್ಗೆ.

ಹಿಂದಿನ ವರ್ಷ ಅವಳ ಅಪ್ಪ ತೀರಿಕೊಂಡಿದ್ದರು. ವರ್ಷ ತುಂಬುವ ದಿನ ಊರಿನ ಚರ್ಚಿನಲ್ಲಿ ಅವರಿಗಾಗಿ ಪೂಜೆಯಿತ್ತು. ಅದಕ್ಕೆ ಕೊಂಕಣಿಯಲ್ಲಿ ಮೀಸ್ ಎನ್ನುತ್ತಾರೆ. ಅದು ನಮ್ಮ ಪ್ರವಾಸದ ಕೊನೆಯ ದಿನವೇ ಬಂದಿತ್ತು. ಎಲ್ಲಿದ್ದರೂ ಆ ಸಂಜೆ ಒಂದು ಮೀಸ್‌ನಲ್ಲಿ ಕೂರುತ್ತೇನೆಂದು ಅವಳು ತಾಯಿಗೆ ಮಾತು ಕೊಟ್ಟಿದ್ದಳು.

ವಿಯೆಟ್ನಾಂನ ಕರಾವಳಿಯುದ್ದಕ್ಕೂ ನನಗಿದ್ದ ಒಂದೇ ಉದ್ಯೋಗ ಅವಳನ್ನು ಛೇಡಿಸುವುದು. ದಡದಲ್ಲಿ ಹರಿಗೋಲಿನಂಥ ದುಂಡು ದೋಣಿಗಳು, ಬಿಸಿಲಿಗೆ ಹರವಿದ ಸಣ್ಣ ಮೀನು, ಊರಿಡೀ ಅದರದೇ ವಾಸನೆ. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಳು; ನಾನು ಮೂಗಿಗೆ ದುಪಟ್ಟಾ ಹಿಡಿಯುತ್ತಿದ್ದೆ.

"ಅದೇ ತೆಂಗು, ಅದೇ ಸೆಖೆ, ಅದೇ ಒಣಮೀನು. ಮಂಗಳೂರಿಗೇ ಟಿಕೆಟ್ ಬುಕ್ ಮಾಡಬಹುದಿತ್ತಲ್ವೇನೇ?"

"ಇದು ಬೇರೆ ಮಾರಾಯ್ತಿ. ಇಲ್ಲಿ ಮೀನು ತಗೊಳ್ಳುವಾಗ ಮದುವೆ ಯಾವಾಗ ಅಂತ ಯಾರೂ ಕೇಳುದಿಲ್ಲ."

"ಅದೊಂದೇ ಕಾರಣನಾ?"

ಅವಳು ಮರಳಿನ ಮೇಲೆ ಚಪ್ಪಲಿಯಿಂದ ಒಂದು ಗೆರೆ ಎಳೆದಳು. "ಅಲ್ಲಿ ಜಗಲಿಯಲ್ಲಿ ಪಪ್ಪನ ಕುರ್ಚಿ ಉಂಟು. ಅದನ್ನು ನೋಡ್ಲಿಕ್ಕೆ ಈಗ ನನಗೆ ಆಗುದಿಲ್ಲ."

ಸಮುದ್ರ ಬೇಕು, ಆ ಸಮುದ್ರದ ಪಕ್ಕದ ಮನೆ ಬೇಡ. ತರ್ಕದಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ನಾನು ವಿರೋಧ ಪಕ್ಷದ ಸೀಟಿನಿಂದ ಎದ್ದು, ಅವಳಿಗೊಂದು ಎಳನೀರು ತಂದುಕೊಟ್ಟೆ.

ಕೊನೆಯ ದಿನ ಹೋ ಚಿ ಮಿನ್ ನಗರಕ್ಕೆ ನಮ್ಮ ಬಸ್ ತಡವಾಗಿ ಬಂತು. ಹಾಸ್ಟೆಲಿಗೂ ಹೋಗದೆ, ಬೆನ್ನ ಮೇಲಿನ ಚೀಲಗಳ ಸಮೇತ ಚರ್ಚ್ ಹುಡುಕಿಕೊಂಡು ಹೋದೆವು. ಸಿಕ್ಕಿತು. ಗಂಟೆ ಹೊಡೆಯುತ್ತಿತ್ತು, ಬಾಗಿಲು ತೆರೆದಿತ್ತು, ಒಳಗಿನ ದೀಪಗಳೂ ಕಾಣುತ್ತಿದ್ದವು. ನಡುವೆ ಒಂದು ರಸ್ತೆ, ಅದರ ತುಂಬ ಸ್ಕೂಟರುಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೈ ತೂರಿಸುವಷ್ಟೂ ಸಂದಿಯಿರಲಿಲ್ಲ.

ಗೆಳತಿ ಹತ್ತಿರದ ಕಂಬವನ್ನು ಸುತ್ತಿ ನೋಡಿದಳು. "ಬಟನ್ ಎಲ್ಲುಂಟು?"

"ಯಾವ ಬಟನ್?"

"ದಾಟುವ ಬಟನ್."

ಆಸ್ಟ್ರೇಲಿಯಾ ನಮ್ಮನ್ನು ಹಾಗೆ ಪಳಗಿಸಿಟ್ಟಿದೆ. ಭಾನುವಾರ ಬೆಳಿಗ್ಗೆ ಕ್ರೇಗಿಬರ್ನ್‌ನಲ್ಲಿ, ನಾಯಿಯೂ ಸುಳಿಯದ ರಸ್ತೆಯಲ್ಲಿ, ನಾನು ಕಂಬದ ಗುಂಡಿ ಒತ್ತಿ, ದೀಪದೊಳಗೆ ಹಸಿರು ಮನುಷ್ಯ ಬರುವ ತನಕ ವಿಧೇಯಳಾಗಿ ನಿಂತಿರುತ್ತೇನೆ. ಇಲ್ಲಿ ಹಸಿರು ಮನುಷ್ಯನಿರಲಿಲ್ಲ. ಇದ್ದಿದ್ದರೆ ಅವನಿಗೂ ದಾಟಲು ಧೈರ್ಯ ಬರುತ್ತಿರಲಿಲ್ಲ.

"ಪಕ್ಕಕ್ಕೆ ಬಾ. ನಾನು ಮೆಜೆಸ್ಟಿಕ್ ದಾಟಿ ಬೆಳೆದವಳು ಕಣೇ," ಎಂದೆ.

ಬೆಂಗಳೂರಿನ ವಿಧಾನ ನನಗೆ ಕರಗತ. ಬಲಗಡೆ ನೋಡಬೇಕು, ಅಂಗೈ ಚಾಚಬೇಕು, ಅರ್ಧ ಓಡಬೇಕು, ನಡುವೆ ಗಕ್ಕನೆ ನಿಂತು ಚಾಲಕನನ್ನು ದುರುಗುಟ್ಟಬೇಕು, ಮತ್ತೆ ಓಡಬೇಕು. ಬಲಗಡೆ ನೋಡಿದೆ, ನಮ್ಮ ಬದಿಯಲ್ಲಿ ಆ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ಕೈ ಚಾಚಿ ನುಗ್ಗಿದೆ. ಇಡೀ ನಗರ ಎಡಗಡೆಯಿಂದ ಬಂತು. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ ಎಂಬುದನ್ನು ಬೆಂಗಳೂರೂ ಮೆಲ್ಬರ್ನೂ ಸೇರಿಯೇ ನನ್ನ ತಲೆಯಿಂದ ಅಳಿಸಿದ್ದವು. ನಾನು ಗಕ್ಕನೆ ನಿಂತಿದ್ದಕ್ಕೆ ಒಬ್ಬ ಸ್ಕೂಟರನ್ನು ಅಡ್ಡಾದಿಡ್ಡಿ ತಿರುಗಿಸಿ ಪಾರಾದ. ಬೈಯಲೂ ಇಲ್ಲ. ಬೈದಿದ್ದರೆ ಊರಿನ ನೆನಪಾಗಿ ಸಮಾಧಾನವಾದರೂ ಆಗುತ್ತಿತ್ತು.

ಹಿಂದಕ್ಕೆ ಬಂದು ನಿಂತೆ. "ಮೆಜೆಸ್ಟಿಕ್ ಎಂತ ಹೇಳ್ತದೆ?" ಎಂದಳು ಗೆಳತಿ.

ಟ್ಯಾಕ್ಸಿ ಬುಕ್ ಮಾಡಿದೆ, ರಸ್ತೆ ದಾಟಿಸಲು. ಅದು ಬಂದು ನೆಟ್ಟಗೆ ಚರ್ಚಿನ ಮುಂದೆ ನಿಂತಿತು. ಚಾಲಕ ಆಚೆಯಿಂದ ಕೈಬೀಸಿದ, ನಾವು ಈಚೆಯಿಂದ ಕೈಬೀಸಿದೆವು. ಅಷ್ಟರಲ್ಲಿ ಗಂಟೆ ನಿಂತಿತು.

"ನೋಡು, ನಿನ್ನ ದೇವರು ಎಲ್ಲಾ ಕಡೆ ಇದಾನೆ ಅಂತಾದ್ರೆ ರಸ್ತೆಯ ಈ ಕಡೆನೂ ಇದಾನೆ. ಇಲ್ಲೇ ಪ್ರಾರ್ಥನೆ ಮಾಡು. ಇದರಲ್ಲಿ ತಪ್ಪೇನಿದೆ ಹೇಳು."

"ದೇವರು ಈಚೆ ಇರಬಹುದು. ಮೀಸ್ ಆಚೆ ಉಂಟು." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಊರಿಗಂತೂ ಹೋಗ್ಲಿಲ್ಲ. ಇದೂ ತಪ್ಪಿಸಿದ್ರೆ ಮಮ್ಮಿಗೆ ಎಂತ ಹೇಳುದು ನಾನು?"

ಆಮೇಲೆ ನನ್ನ ಚೀಲದ ಪಟ್ಟಿ ಹಿಡಿದುಕೊಂಡು, ಎಡಕ್ಕೊಮ್ಮೆ ನೋಡಿ, ರಸ್ತೆಗಿಳಿದಳು.

ಓಡಲಿಲ್ಲ, ನಿಲ್ಲಲೂ ಇಲ್ಲ. ಎಷ್ಟು ನಿಧಾನವೆಂದರೆ ನನಗೆ ರೇಗಿತು. ಸ್ಕೂಟರೊಂದು ಮೈಮೇಲೆ ಬಂದಂತಾಗಿ ನಾನು ಹಿಂದಕ್ಕೆ ಜಗ್ಗಿದಾಗ ಅವಳು ಪಟ್ಟಿ ಬಿಡದೆ "ಸವ್ಕಾಸ್, ಸವ್ಕಾಸ್" ಎಂದಳು. ಕೊಂಕಣಿಯಲ್ಲಿ ಮೆಲ್ಲಗೆ ಎಂದು. ನಮ್ಮ ಹೆಜ್ಜೆಯ ಲಯ ಗೊತ್ತಾಗುತ್ತಲೇ ಸವಾರರು ದೂರದಿಂದಲೇ ಲೆಕ್ಕ ಹಾಕಿ ಕೆಲವರು ಮುಂದಿನಿಂದ, ಕೆಲವರು ಹಿಂದಿನಿಂದ ಬಳಸಿಕೊಂಡು ಹೋದರು. ಟ್ಯಾಕ್ಸಿಯವನು ನಮ್ಮನ್ನು ನೋಡಿ ನಕ್ಕು, ಬುಕಿಂಗ್ ರದ್ದು ಮಾಡಿ ಹೊರಟ.

ಒಳಗೆ ಪೂಜೆ ಆಗಲೇ ಶುರುವಾಗಿತ್ತು. ಕೊನೆಯ ಬೆಂಚಿನಲ್ಲಿ ಕೂತೆವು. ಒಂದು ಪದವೂ ಅರ್ಥವಾಗಲಿಲ್ಲ, ಆದರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ಅವಳಿಗೆ ಗೊತ್ತಿತ್ತು. ಅವಳನ್ನು ನೋಡಿ ನಾನು, ಪ್ರತಿ ಸಲವೂ ಒಂದು ಕ್ಷಣ ತಡವಾಗಿ. ಕೊನೆಯ ಹಾಡಿನ ರಾಗ ಅವಳಿಗೆ ಪರಿಚಯದ್ದಿರಬೇಕು. ಎಲ್ಲರೂ ವಿಯೆಟ್ನಾಮಿಯಲ್ಲಿ ಹಾಡುತ್ತಿದ್ದರೆ ಇವಳೊಬ್ಬಳು ಕೊಂಕಣಿಯಲ್ಲಿ, ಸಂಕೋಚವಿಲ್ಲದೆ, ದೊಡ್ಡ ದನಿಯಲ್ಲಿ ಹಾಡಿದಳು. ಮುಂದಿನ ಬೆಂಚಿನ ಅಜ್ಜಿ ತಿರುಗಿ ನೋಡಿ, ಹಾಡುತ್ತಲೇ ತಲೆಯಾಡಿಸಿದಳು.

ಹೊರಗೆ ಬಂದ ಮೇಲೆ ಅವಳು ಮಮ್ಮಿಗೆ ಫೋನ್ ಮಾಡಿ ಮಾತಾಡಿದಳು, ಸ್ವಲ್ಪ ಅತ್ತಳು, ಮೂಗೊರೆಸಿಕೊಂಡಳು.

"ಹಾಗೆ ನಡೆಯೋದು ಎಲ್ಲಿ ಕಲಿತೆ?" ಎಂದು ಕೇಳಿದೆ.

"ನಮ್ಮ ಚರ್ಚಿನ ಹಬ್ಬದ ಮೆರವಣಿಗೆಯಲ್ಲಿ. ಸಣ್ಣದಿರುವಾಗ ಕೈಯಲ್ಲಿ ಮೇಣದ ಬತ್ತಿ ಹಿಡ್ಕೊಂಡು ಓಡ್ತಿದ್ದೆ, ಆರಿಹೋಗ್ತಿತ್ತು. ಪಪ್ಪ ಹಿಂದಿಂದ ಸವ್ಕಾಸ್, ಸವ್ಕಾಸ್ ಅಂತ ಹೇಳ್ತಾ ಬರ್ತಿದ್ರು."

"ಒಂದು ಮಾತು ಹೇಳ್ಲಾ? ಇದು ಪವಾಡ ಅಲ್ಲ. ನಮ್ಮ ವೇಗ ಬದಲಾಗ್ಲಿಲ್ಲ, ಸವಾರರಿಗೆ ಅಂದಾಜು ಸಿಕ್ತು, ಅಷ್ಟೇ."

"ನಾನು ಪವಾಡ ಅಂದೆನಾ?"

ಅಂದಿರಲಿಲ್ಲ. ಎದುರಾಳಿ ಹೇಳದ ಮಾತನ್ನು ಖಂಡಿಸಿದರೆ ಚರ್ಚಾಸ್ಪರ್ಧೆಯಲ್ಲಿ ಅಂಕ ಕಳೆಯುತ್ತಾರೆ.

ಹಾಸ್ಟೆಲ್ ರಸ್ತೆಯ ಆಚೆಗಿತ್ತು, ನಾವು ಮೊದಲು ನಿಂತಿದ್ದ ಕಡೆ. ಸ್ಕೂಟರುಗಳು ಇನ್ನಷ್ಟು ಹೆಚ್ಚಿದ್ದವು.

"ಈಗ ನೀನು ಮುಂದೆ ನಡಿ, ಮೆಜೆಸ್ಟಿಕ್," ಎಂದಳು.

ಎಡಕ್ಕೆ ನೋಡಿದೆ. ಕೈ ಚಾಚಬೇಕೆನಿಸಿತು, ಚಾಚಲಿಲ್ಲ. ಇಳಿದೆ. ಕಾಲು ಓಡಲು ಹವಣಿಸಿದಾಗಲೆಲ್ಲ ಬೆನ್ನ ಹಿಂದಿನಿಂದ ಅವಳ ದನಿ ಕೇಳಿಸುತ್ತಿತ್ತು:

"ಸವ್ಕಾಸ್. ಸವ್ಕಾಸ್."