ಪೈ ಎಣಿಸುತ್ತಿದ್ದ ರೂಮ್‌ಮೇಟು

ಹೋದ ವಾರ ಟಿವಿ ರಿಮೋಟಿನ ಮುಚ್ಚಳ ತೆಗೆದರೆ ಒಳಗೆ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿತ್ತು. ಆ ತುಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೃಷ್ಣರಾಜಪೇಟೆಯ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಹುಡುಗಿ ನೆನಪಾದಳು…

ತೊಂಬತ್ತರ ದಶಕ. ಇಬ್ಬರೂ ಬಿಎಸ್ಸಿ. ನಾನು ಪಾಂಡವಪುರದ ಕಡೆಯವಳು, ಅವಳು ನಾಗಮಂಗಲದ ಕಡೆಯವಳು. ಗಣಿತದಲ್ಲಿ ಕ್ಲಾಸಿಗೆ ನಾನೇ ಮೊದಲು ಎಂಬ ಜಂಬ ನನಗಿತ್ತು. ದಸರಾ ರಜೆ ಮುಗಿಸಿ ಬರುವಾಗ ಅವಳು ಕ್ಯಾಲ್ಕುಲೇಟರಿನಂಥ, ಅಂಗೈಯಗಲದ ಒಂದು ಯಂತ್ರ ತಂದಳು. ದುಬೈನಲ್ಲಿದ್ದ ಸೋದರಮಾವ ಕೊಟ್ಟದ್ದು. ಅದರಲ್ಲಿ ಆಟವಾಡಬಹುದು, ನಾವೇ ಪ್ರೋಗ್ರಾಂ ಬರೆದು ಹಾಕಲೂಬಹುದು. ನಾವೆಲ್ಲ ಆಟಕ್ಕೆ ಮುಗಿಬಿದ್ದರೆ, ಅವಳು ಪೈ ಬೆಲೆಯ ದಶಮಾಂಶದ ಅಂಕಿಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಳು. ಸೆಲ್ಲು ಮುಗಿದಾಗ ಗೋಡೆ ಗಡಿಯಾರದ್ದು, ರೇಡಿಯೋದ್ದು ಕಿತ್ತು ಹಾಕುತ್ತಿದ್ದಳು.

“ನೋಡಮ್ಮಿ, ಬಟ್ಟೆ ಒಗ್ದ್ಬುಟ್ಟು ಬಂದ್ರೂ ಇದಿನ್ನೂ ಎಣಿಸ್ತಾನೇ ಐತೆ!” ಎಂದು ನಗುತ್ತಿದ್ದಳು.

ಗಣಿತದ ಮೇಷ್ಟ್ರು ಬೆರಗಾಗಿ, ಆ ಅಂಕಿಗಳನ್ನೆಲ್ಲ ಅವಳ ಕೈಯಿಂದ ಬೋರ್ಡಿನ ತುಂಬ ಬರೆಸಿದರು. ಅದುವರೆಗೆ ಆ ಜಾಗದಲ್ಲಿ ನಿಲ್ಲುತ್ತಿದ್ದವಳು ನಾನು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಲೈಬ್ರರಿಯಿಂದ ಹಳೆಯ ಗಣಿತದ ಪುಸ್ತಕ ತಂದು ಒಂದೊಂದು ಅಂಕಿಯನ್ನೂ ತಾಳೆ ನೋಡಿದೆ. ಎಲ್ಲಾದರೂ ತಪ್ಪಿರಲಿ ಎಂದು ಹರಕೆ ಹೊರುವುದೊಂದು ಬಾಕಿ. ಕೊನೆಯ ಅಂಕಿಗಳು ತಪ್ಪಿದ್ದವು! ಮರುದಿನ ಕ್ಲಾಸಿನಲ್ಲೇ ಎದ್ದು ನಿಂತು ಹೇಳಿದೆ. ಅವಳ ಮುಖ ಬಾಡುವುದನ್ನು ನೋಡಬೇಕಿತ್ತು ನನಗೆ.

ಅವಳು ಓಡಿಬಂದು ನನ್ನ ಕೈ ಹಿಡಿದುಕೊಂಡಳು. “ಕೊನೇವರ್ಗೂ ಓದ್ಬುಟ್ಯೇನಮ್ಮಿ? ಎಲ್ರೂ ಚಪ್ಪಾಳೆ ಒಡುದ್ರು, ಯಾರೂ ಇಷ್ಟು ದೂರ ಬರ್ಲಿಲ್ಲ ಕಣೆ. ಬಾ, ಎಲ್ಲಿ ಎಡವಟ್ಟಾಗೈತೆ ನೋಡಾನ.”

ಸಂಜೆ ಒಟ್ಟಿಗೆ ಕೂತೆವು. ಬೇಕಾದದ್ದಕ್ಕಿಂತ ಕೆಲವು ಅಂಕಿ ಹೆಚ್ಚಿಗೆ ಲೆಕ್ಕ ಹಾಕಿ, ಬಾಲದಲ್ಲಿ ಬಂದದ್ದನ್ನು ಬಿಟ್ಟುಬಿಡೋಣ ಎಂದವಳು ನಾನೇ. ಸರಿಹೋಯಿತು. ಅವಳು ಕುಣಿದಾಡಿದಳು. ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಏರಿತು. ತನ್ನ ತಪ್ಪು ಸಿಕ್ಕಿದ್ದಕ್ಕೂ ಹಾಗೆ ಖುಷಿಪಡುವುದು ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಅವಳಿಗೆ ಕಾಮಾಲೆಯಾಯಿತು. ನಾಟಿ ಔಷಧಿ, ಆಮೇಲೆ ಮೈಸೂರಿನ ಆಸ್ಪತ್ರೆ… ಕಾಲೇಜು ಶುರುವಾದಾಗ ಅವಳ ಟ್ರಂಕು ಒಯ್ಯಲು ಅವಳಪ್ಪ ಒಬ್ಬರೇ ಬಂದರು.

“ನಿನ್ ಸುದ್ದೀನೇ ಏಳ್ತಿದ್ಲು ಕಣವ್ವ,” ಎಂದರು. “ಅವ್ಳಷ್ಟು ಲೆಕ್ಕ ನಂಗ್ ಬರಾಕಿಲ್ಲ ಕಣಪ್ಪಾ ಅಂತಿದ್ಲು.”

ಟ್ರಂಕಿನ ಇನ್ನೊಂದು ಬದಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಹೋದೆ.

ಗಣಿತವನ್ನೇ ಕಲಿಸುತ್ತ ನಿವೃತ್ತಿಯ ಹತ್ತಿರ ಬಂದಿದ್ದೇನೆ. ನನಗಿಂತ ಬುದ್ಧಿವಂತರು ಎಷ್ಟೋ ಮಂದಿ ಎದುರಾದರು. ಯಾರ ಮೇಲೂ ಅಂಥ ಹೊಟ್ಟೆಕಿಚ್ಚು ಹುಟ್ಟಲಿಲ್ಲ. ಅವಳು ಇದ್ದಿದ್ದರೆ ಇವತ್ತಿಗೂ ಹೊಟ್ಟೆ ಉರಿದುಕೊಂಡೇ ಇರುತ್ತಿದ್ದೆ. ಆ ಉರಿ ನನಗೆ ಬೇಕಿತ್ತು…