ಅವರ ಮೊಣಕಾಲು, ನನ್ನ ಹರಕೆ

ನಮ್ಮೂರು ಬಶೀರಾಬಾದಿನಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಗಂಡ ಎರಡೂ ಕೈಯಿಂದ ಬಾಗಿಲ ಸಲಾಕೆ ಹಿಡಿದಿದ್ದರು. ಎಡಗಾಲು ಊರಿದರು. ಬಲಗಾಲನ್ನು ಎಳೆದುಕೊಂಡರು. ಬಸ್ಸು ನಿಲ್ಲುವ ಮೊದಲೇ ಜಿಗಿಯುವ ಮನುಷ್ಯ ಅವರು.

"ಏನಾತ್ರಿ?" ಅಂದೆ.

"ಏನಿಲ್ಲ. ಓಡೂ ಮುಂದ ಮೊಣಕಾಲು ಉಳುಕ್ಯದ."

ಅವರು ಫುಟ್‌ಬಾಲ್ ಸ್ಟ್ರೈಕರ್. ಗೋಲು ಹೊಡೆಯುವುದೇ ಉದ್ಯೋಗ. ಕುರಿ ಕಾಯುವ ಮನೆಯ ಮಗ ಚೆಂಡಿನ ಹಿಂದೆ ಓಡಿದರೆ ಯಾರು ಸಂಬಳ ಕೊಡುತ್ತಾರೆ ಎಂದು ಊರವರು ನಗುತ್ತಿದ್ದರು. ಕೊಡುತ್ತಿದ್ದರು, ಒಂದೊಂದು ಸೀಸನ್ನಿಗೆ. ಹೈದರಾಬಾದಿನ ಯಾವುದೋ ಕಚೇರಿಯ ಟೀಮು, ಮರುವರ್ಷ ಸೊಲ್ಲಾಪುರದ ಮಿಲ್ಲು, ಅಲ್ಲಿಂದ ಮುಂಬಯಿ. ಎಲ್ಲಿಯೂ ಪರ್ಮನೆಂಟ್ ಆಗಲಿಲ್ಲ. ಗೋಲು ಬಾರದಿದ್ದರೆ ಬೆಂಚು, ಸೀಸನ್ ಮುಗಿದರೆ ಟ್ರಂಕು. ನಾಲ್ಕು ದಿನ ಮನೆಯಲ್ಲಿದ್ದು ಮತ್ತೆ ತಾಂಡೂರಿಗೆ ಹೋಗಿ ರೈಲು ಹತ್ತುತ್ತಿದ್ದರು.

ತಾಂಡೂರಿನ ಡಾಕ್ಟರು ಮೊಣಕಾಲು ಒತ್ತಿ ನೋಡಿ ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ದೊಡ್ಡ ಡಾಕ್ಟರು ಕಾಲನ್ನು ಆಚೀಚೆ ತಿರುಗಿಸಿದರು. ಲಿಗಮೆಂಟ್ ಹರಿದಿದೆ, ಆಪರೇಷನ್ ಮಾಡಿದರೆ ನಡೆಯಬಹುದು, ಆಟ ಮಾತ್ರ ಮುಗಿಯಿತು ಎಂದು ಉರ್ದುವಿನಲ್ಲಿ ಹೇಳಿದರು.

ನನಗೆ ಸಂತೋಷವಾಯಿತು.

ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಇನ್ನು ಟ್ರಂಕು ಅಟ್ಟದಿಂದ ಇಳಿಯುವುದಿಲ್ಲ ಎಂದುಕೊಂಡೆ. ಮರುಕ್ಷಣವೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಏಕೆಂದರೆ ಇವರು ಮನೆಯಲ್ಲೇ ಉಳಿಯುವಂತಾದರೆ ಮಲೀದಾ ಮಾಡಿ ತರುತ್ತೇನೆ ಎಂದು ಊರ ದರ್ಗಾದಲ್ಲಿ ನಾನೇ ಹರಕೆ ಹೊತ್ತಿದ್ದೆ. ಹೇಗೆ ಉಳಿಯಬೇಕು ಎಂದು ಹೇಳಿರಲಿಲ್ಲ.

ಆಪರೇಷನ್ ಆಯಿತು. ಪ್ಲಾಸ್ಟರ್ ಬಿಚ್ಚಿದಾಗ ಒಳಗೆ ಇನ್‌ಫೆಕ್ಷನ್. ಜ್ವರ. ತೊಡೆ ಬಡಕಲಾಗಿ, ನನ್ನ ಎರಡು ಕೈಯ ಹಿಡಿಗೆ ಬಂತು. ಊರಿಗೆ ಕರೆತಂದ ಮೇಲೆ ಡ್ರೆಸಿಂಗ್ ನಾನೇ ಮಾಡುತ್ತಿದ್ದೆ. ಗಾಯದ ಹತ್ತಿ ಎಳೆಯುವಾಗ ಅವರು ಹಲ್ಲು ಕಚ್ಚುತ್ತಿದ್ದರು, ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

"ಯಾವುದಾರ ಹರಕಿ ತೀರಸೂದು ಉಳದದೇನವ್ವಾ? ಜ್ವರ ಯಾಕ ಇಳೀವಲ್ದು?" ಎಂದರು ಅತ್ತೆ.

"ಇಲ್ಲತ್ತಿ," ಎಂದು ಸುಳ್ಳು ಹೇಳಿದೆ.

ನಮ್ಮ ದರ್ಗಾದಲ್ಲಿ ಸುಮ್ಮನೆ ಮಲೀದಾ ಇಟ್ಟು ಬರುವಂತಿಲ್ಲ. ಯಾರ ಹೆಸರಿನಲ್ಲಿ, ಏನು ಬೇಡಿಕೊಂಡಿದ್ದೆ ಎಂದು ದರ್ಗಾ ನೋಡಿಕೊಳ್ಳುವ ಮುಜಾವರ ಕೇಳುತ್ತಾರೆ. ಬಾಯಿಬಿಟ್ಟು ಹೇಳಿದ ಮೇಲೆಯೇ ಫಾತಿಹಾ ಓದುತ್ತಾರೆ. ಅದಕ್ಕೇ ದಿನ ದೂಡುತ್ತಿದ್ದೆ.

ಇಂಜೆಕ್ಷನ್ನುಗಳಿಂದಲೇ ಇರಬೇಕು, ಜ್ವರ ಬಿಟ್ಟಿತು. ಇನ್ನು ತಡೆಯಲಾಗಲಿಲ್ಲ. ರೊಟ್ಟಿ ಸುಟ್ಟು, ಪುಡಿ ಮಾಡಿ, ಬೆಲ್ಲ ತುಪ್ಪ ಕಲಸಿದೆ. ಹರಕೆ ತಮ್ಮ ಕಾಲು ವಾಸಿಯಾಗಲೆಂದು ಹೊತ್ತದ್ದು ಎಂದುಕೊಂಡ ಅವರು, "ನಾನೂ ಬರ್ತೀನಿ, ತಡಿ" ಎಂದು ಕೋಲು ಹಿಡಿದು ಹೊರಟೇಬಿಟ್ಟರು.

"ಏನು ಬೇಡ್ಕೊಂಡಿದ್ದಿ, ಬೇಟಿ?" ಮುಜಾವರ ಕೇಳಿದರು.

ಕಾಲು ವಾಸಿಯಾಗಲೆಂದು ಅಂದಿದ್ದರೆ ಮುಗಿಯುತ್ತಿತ್ತು. ಆ ಜಾಗದಲ್ಲಿ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಇವರು ಮನ್ಯಾಗೇ ಇರಬೇಕಂತ ಬೇಡ್ಕೊಂಡಿದ್ದೆರಿ. ಕಾಲಿಗೆ ಪೆಟ್ಟು ಬೀಳೂದಕಿಂತ ಮೊದಲ."

ಫಾತಿಹಾ ಮುಗಿಯುವವರೆಗೂ ನನ್ನ ಗಂಡ ಕಾಲು ನೀಡಿಕೊಂಡು ಕುಳಿತಿದ್ದರು. ಮಲೀದಾ ಕೊಟ್ಟರೆ ಕಣ್ಣಿಗೊತ್ತಿಕೊಂಡು ತಿಂದರು. ಮರಳುವಾಗ ಬೇವಿನ ಮರದ ಕೆಳಗೆ ನಿಂತರು. ಬೈಗುಳಕ್ಕೆ ಸಿದ್ಧಳಾಗಿ ನಾನೂ ನಿಂತೆ.

"ನನಗ ಹೇಳಬೇಕಿತ್ತು," ಅಂದರು. "ಬರ್ತಿದ್ದೆ."

ಬರುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅಷ್ಟು ವರ್ಷ ದರ್ಗಾದ ಪೀರಸಾಹೇಬರನ್ನು ಕೇಳಿದೆ, ಇವರನ್ನು ಒಮ್ಮೆಯೂ ಕೇಳಲಿಲ್ಲ.

ಈಗ ಮೊಣಕಾಲು ಅರ್ಧ ಮಡಚುತ್ತದೆ. ಅಷ್ಟಾದರೂ ಉಳಿಸಿದ ಡಾಕ್ಟರಿಗೆ ದಿನವೂ ಕೈ ಮುಗಿಯುತ್ತೇನೆ. ಕುರಿಗಳ ಹಿಂದೆ ಕುಂಟುತ್ತ ಹೋಗುತ್ತಾರೆ. ಸಂಜೆ ಬಾಗಿಲಲ್ಲಿ ಕೋಲಿನ ಸದ್ದು ಕೇಳಿದರೆ ನನಗೆ ಸಂತೋಷವಾಗುತ್ತದೆ. ತಪ್ಪೆಂದು ಗೊತ್ತಿದ್ದೂ ಆಗುತ್ತದೆ.