ಮಗ್ಗದ ಎಣ್ಣೆ ಕುಡಿದ ಕಂಪ್ಯೂಟರ್

ತೊಂಬತ್ತರ ದಶಕದ ನಡುವೆ, ದೊಡ್ಡಬಳ್ಳಾಪುರದಲ್ಲಿದ್ದ ನಮ್ಮ ಸೋದರಮಾವನ ಟೀವಿ ರಿಪೇರಿ ಅಂಗಡಿಯ ಮೂಲೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಶುರು ಮಾಡಿದೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಕೆಲಸ ಕಲಿತಿದ್ದೆ. ಅಂಗಡಿಗೆ ಬಂದವರು ನನ್ನನ್ನು ದಾಟಿ ಒಳಗೆ ಕಣ್ಣಾಡಿಸಿ, "ರಿಪೇರಿ ಮಾಡೋರು ಎಲ್ಲಮ್ಮಾ?" ಎನ್ನುತ್ತಿದ್ದರು. "ನಾನೇ" ಎಂದರೆ ಕೆಲವರು ಆಮೇಲೆ ಬರ್ತೀನಿ ಎಂದು ಹೋಗಿಬಿಡುತ್ತಿದ್ದರು.

ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ಒಬ್ಬ ನೇಕಾರರು ಮಾತ್ರ ಹೋಗಲಿಲ್ಲ. ಸೀರೆ ಅಂಚಿನ ಡಿಸೈನನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಲು ಅವರು ಬೆಂಗಳೂರಿನಿಂದ ಹಳೆಯ ಕಂಪ್ಯೂಟರ್ ತಂದಿದ್ದರು. ಅದನ್ನು ಮಗುವಿನ ಹಾಗೆ ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಕೀಬೋರ್ಡ್ ಒತ್ತಿದ್ರೆ ಏನೂ ಆಗಲ್ಲ ಕಣಮ್ಮ. ಎರಡು ಕೀಬೋರ್ಡ್ ಬದಲಾಯಿಸ್ದೆ."

ಮುಚ್ಚಳ ತೆಗೆದೆ. ಮೂಗಿಗೆ ಬಡಿದದ್ದು ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ. ಬೋರ್ಡೆಲ್ಲ ಜಿಡ್ಡು, ಜಿಡ್ಡಿನ ಮೇಲೆ ನೂಲಿನ ಧೂಳು. ಮೂಲೆಯಲ್ಲಿ ಬೆಸುಗೆ ಹಾಕಿ ಕೂರಿಸಿದ್ದ ಬ್ಯಾಟರಿ ಸೋರಿ, ಸುತ್ತ ಹಸಿರು ಕಿಲುಬು ಹಬ್ಬಿತ್ತು. ಕೀಬೋರ್ಡಿನ ಕಡೆ ಹೋಗುವ ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ಅದು ತಿಂದುಹಾಕಿತ್ತು.

"ಎಣ್ಣೆ ಯಾರು ಹಾಕಿದ್ದು ಅಣ್ಣಾ?"

"ನಾನೇ. ಹಸಿರು ಕಟ್ಟಿತ್ತಲ್ಲ, ತುಕ್ಕು ಅಂದ್ಕೊಂಡೆ. ಮಷೀನ್ ಅಂದ್ಮೇಲೆ ಎಣ್ಣೆ ಬೇಡ್ವಾ?"

ಹಲ್ಲು ಕಚ್ಚಿಕೊಂಡು ನಾಲ್ಕು ನಿಂಬೆಹಣ್ಣು ತರಲು ಹೇಳಿದೆ. ಅವರ ಮುಖ ಅರಳಿತು. "ನನಗೂ ಅದೇ ಅನುಮಾನ ಇತ್ತು. ಅಮಾಸೆ ದಿನ ತಂದ್ಬಿಟ್ಟೆ. ದೃಷ್ಟಿ ನೀನೇ ತೆಗೀತೀಯಾ?"

"ದೃಷ್ಟಿಗಲ್ಲ, ಕಿಲುಬು ತೆಗೆಯೋಕೆ!" ಎಂದು ನಾನು ಕೂಗಿದ್ದು ಪಕ್ಕದ ಅಂಗಡಿಗೂ ಕೇಳಿಸಿರಬೇಕು.

ಬ್ಯಾಟರಿ ಕಿತ್ತು ಹಾಕಿದೆ. ಸ್ಪಿರಿಟ್‌ನಲ್ಲಿ ಜಿಡ್ಡು ತೊಳೆದು, ನಿಂಬೆರಸ ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮತ್ತೆ ತೊಳೆದು, ಒಣಗಿಸಿ, ತುಂಡಾದ ಗೆರೆಗಳ ಮೇಲೆ ಟೆಲಿಫೋನ್ ವೈರಿನ ಎಳೆಗಳನ್ನು ಬೆಸೆದೆ. ಮೂರು ದಿನ ಹಿಡಿಯಿತು. ಆ ಮೂರು ದಿನವೂ ಅವರು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, "ಅಲ್ಲಿ ಸ್ವಲ್ಪ ಉಳ್ಕೊಂಡಿದೆ ನೋಡಮ್ಮ" ಎನ್ನುತ್ತಿದ್ದರು. ಕೊನೆಗೆ ಕಿತ್ತ ಬ್ಯಾಟರಿಯ ಬದಲಿಗೆ ಹೊರಗಿನಿಂದ ಸಣ್ಣ ಡಬ್ಬಿಯೊಂದನ್ನು ಜೋಡಿಸಿ ಅದರಲ್ಲಿ ಮೂರು ಪೆನ್ ಟಾರ್ಚ್ ಸೆಲ್ ಹಾಕಿದೆ. ಕೀಬೋರ್ಡ್ ಮಾತು ಕೇಳಿತು. ಅವರು ನನಗೂ ಕಂಪ್ಯೂಟರಿಗೂ ಸೇರಿಸಿ ಒಟ್ಟಿಗೆ ಕೈಮುಗಿದರು.

ವಾರದೊಳಗೆ ಮತ್ತೆ ಬಂದರು. "ಸತ್ತೋಯ್ತಮ್ಮ. ಡಿಸ್ಕೇ ಇಲ್ಲ ಅಂತಿದೆ."

ಅವರ ಮನೆಗೇ ಹೋದೆ. ಮಗ್ಗಗಳ ಗದ್ದಲದ ನಡುವೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಖಾಲಿ. ಸೆಲ್ಲುಗಳು ಗೋಡೆ ಗಡಿಯಾರಕ್ಕೆ, ಟಾರ್ಚಿಗೆ ಹೋಗಿದ್ದವು. ಹೊಸ ಸೆಲ್ ಹಾಕಿ, ಅದಿಲ್ಲದೆ ಕಂಪ್ಯೂಟರ್ ಮರೆತಿದ್ದ ಡಿಸ್ಕಿನ ಅಳತೆಯ ಅಂಕಿಗಳನ್ನು ಮತ್ತೆ ತುಂಬಿಸಿ ಬಂದೆ. ಹದಿನೈದು ದಿನದಲ್ಲಿ ಮತ್ತದೇ ಕಥೆ. ಈ ಸಲ ರೇಡಿಯೋಗೆ ಹೋಗಿದ್ದವು.

"ಆ ಸೆಲ್ ಇಲ್ದಿದ್ರೆ ಇದಕ್ಕೆ ನೆನಪೇ ಇರಲ್ಲ ಅಣ್ಣಾ, ಎಷ್ಟು ಸಲ ಹೇಳಲಿ?"

"ಕರೆಂಟಲ್ಲಿ ಓಡೋ ಮಷೀನ್‌ಗೆ ಸೆಲ್ ಯಾಕಮ್ಮ?" ಅವರು ನಿಜವಾಗಿಯೂ ಕೇಳುತ್ತಿದ್ದರು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಆಗ, ನಾನು ಹೋದಾಗಲೆಲ್ಲ ಬಾಗಿಲಲ್ಲೇ ನಿಂತು ನೋಡುತ್ತಿದ್ದ ಅವರ ಹೆಂಡತಿ ಹತ್ತಿರ ಬಂದರು. ಡಿಸೈನ್ ಬಿಡಿಸುತ್ತಿದ್ದವರು ಅವರೇ ಎಂಬುದು ನನಗೆ ಗೊತ್ತಾದದ್ದು ಅವತ್ತು. ಕಂಪ್ಯೂಟರ್ ಆನ್ ಮಾಡುವುದು ಮಾತ್ರ ಗಂಡನ ಕೆಲಸ. ಹೆಂಗಸರು ಸ್ವಿಚ್ ಮುಟ್ಟಿದರೆ ಕೆಟ್ಟುಹೋಗುತ್ತದೆ ಎಂದು ನೇಕಾರರು ನಂಬಿದ್ದರು.

"ನೀವು ಪ್ರತಿ ಸಲ ಒತ್ತುತೀರಲ್ಲ, ಆ ನಂಬರು ನನಗೆ ಬರ್ಕೊಡಿ. ಸೆಲ್ ಇದ್ರೂ ಸರಿ, ಇಲ್ದಿದ್ರೂ ಸರಿ, ನಾನೇ ದಿನಾ ಹಾಕ್ಕೊತೀನಿ" ಎಂದರು.

ಗಂಡ ಬಾಯಿ ತೆರೆಯುವ ಮೊದಲೇ ನಾನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ. ಯಾವ ಕೀ ಒತ್ತಬೇಕು, ಯಾವ ಸಾಲಿಗೆ ಇಳಿಯಬೇಕು ಎಂದು ಎರಡು ಸಲ ತೋರಿಸಿದೆ. ಮೂರನೆಯ ಸಲ ಅವರೇ ಆನ್ ಮಾಡಿ, ರಟ್ಟು ನೋಡದೆ ಅಂಕಿಗಳನ್ನು ತುಂಬಿಸಿದರು. ಸಾವಿರ ಎಳೆಗಳ ಲೆಕ್ಕ ತಲೆಯಲ್ಲಿಟ್ಟುಕೊಂಡವರಿಗೆ ಅದೇನು ಮಹಾ! ಪರದೆಯ ಮೇಲೆ ಅರ್ಧಕ್ಕೆ ನಿಂತಿದ್ದ ನವಿಲೊಂದು ಮೂಡಿತು. ಅವರು ಕುರ್ಚಿ ಎಳೆದುಕೊಂಡು ಅದರ ಬಾಲ ಬಿಡಿಸಲು ಕೂತರು.

ಆ ಕಂಪ್ಯೂಟರ್ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ನೇಕಾರರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಬೇಸರದಿಂದ, "ಅವಳು ನನ್ನನ್ನ ಅದರ ಹತ್ರಾನೂ ಬಿಡಲ್ಲ ಕಣಮ್ಮ ಈಗ" ಎನ್ನುತ್ತಿದ್ದರು.